ಸರ್ ವಿಲಿಯಂ ರಾಮ್ಸೆ

ನಾವು ಉಸಿರಾಡುವ ಗಾಳಿಯಲ್ಲಿ ಸಾರಜನಕವೂ ಆಮ್ಲಜನಕವೂ ಇರುವುದನ್ನು ಪಾಠಗಳಲ್ಲಿ ಓದಿದ್ದೇವೆ. ಅದೇ ಗಾಳಿಯಲ್ಲಿ ಯಾರ ಅರಿವಿಗೂ ಬಾರದೆ ಅಡಗಿದ್ದ ಅನಿಲಗಳ ಒಂದು ಕುಲವನ್ನೇ ಬೆಳಕಿಗೆ ತಂದ ಮಹನೀಯರು ಸರ್ ವಿಲಿಯಂ ರಾಮ್ಸೆಯವರು. ಇವರು 1852ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. 1887ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು.

ಗಾಳಿಯಿಂದ ಪಡೆದ ಸಾರಜನಕವು ರಾಸಾಯನಿಕಗಳಿಂದ ಪಡೆದುದಕ್ಕಿಂತ ಶೇಕಡಾ ಅರ್ಧದಷ್ಟು ಹೆಚ್ಚು ಭಾರವಿರುವುದನ್ನು ಲಾರ್ಡ್ ರೇಲಿಯವರು ಕಂಡಿದ್ದರು. ಇಷ್ಟು ಅಲ್ಪ ವ್ಯತ್ಯಾಸವನ್ನು ತೂಕದ ತಪ್ಪೆಂದು ತಳ್ಳಿಹಾಕಬಹುದಿತ್ತು. ರಾಮ್ಸೆಯವರು ಹಾಗೆ ಮಾಡಲಿಲ್ಲ. ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದಾಗ, ಯಾವುದರೊಡನೆಯೂ ಕೂಡದ ಅನಿಲವೊಂದು ಉಳಿಯಿತು. 1894ರಲ್ಲಿ ಪ್ರಕಟಗೊಂಡ ಆರ್ಗಾನ್ ಇದೇ. 1895ರಲ್ಲಿ ಅವರು ಯುರೇನಿಯಂ ಖನಿಜದಿಂದ ಹೀಲಿಯಮನ್ನು ಪಡೆದರು. 1898ರಲ್ಲಿ ಮಾರಿಸ್ ಟ್ರಾವರ್ಸ್ ಅವರೊಡಗೂಡಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಕಂಡುಹಿಡಿದರು. 1904ರಲ್ಲಿ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು.

ಆರ್ಗಾನ್ ಸಾರಜನಕಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿ ನೀರಿನಲ್ಲಿ ಕರಗುವುದೆಂಬುದನ್ನೂ, ಆದುದರಿಂದ ಮಳೆನೀರಿನೊಳಗಣ ಗಾಳಿಯಲ್ಲಿ ಅದರ ಪಾಲು ಹೆಚ್ಚೆಂಬುದನ್ನೂ ರೇಲಿ ಮತ್ತು ರಾಮ್ಸೆಯವರು ತೋರಿಸಿಕೊಟ್ಟರು. ಈ ಸಣ್ಣ ಸಂಗತಿಯಿಂದ ಮುಂದೆ ದೊಡ್ಡ ಪ್ರಯೋಜನವಾಯಿತು. ನೀರು ತಣ್ಣಗಿದ್ದಷ್ಟೂ ಕ್ರಿಪ್ಟಾನ್, ಕ್ಸೆನಾನ್‌ಗಳು ಹೆಚ್ಚಾಗಿ ಕರಗುತ್ತವೆ. ಸರೋವರದ ಮೇಲ್ಪದರದ ನೀರು ಗಾಳಿಯೊಡನೆ ಸದಾ ಅನಿಲಗಳ ಕೊಡುಕೊಳ್ಳುವಿಕೆ ನಡೆಸುತ್ತಿರುತ್ತದೆ. ನೆಲದಾಳಕ್ಕೆ ಇಂಗಿದ ನೀರಿಗಾದರೋ ಆ ಸಂಬಂಧ ಕಡಿದುಹೋಗುತ್ತದೆ. ಈ ಅನಿಲಗಳು ಯಾವುದರೊಡನೆಯೂ ಬೆರೆತು ಮಾರ್ಪಡದ ಕಾರಣ, ನೀರು ಇಂಗಿದ ಕಾಲದ ಶೀತೋಷ್ಣದ ಗುರುತನ್ನು ಸಹಸ್ರಾರು ವರ್ಷ ಕಾಪಾಡಿಕೊಂಡು ಬರುತ್ತವೆ. ಕ್ರಿಪ್ಟಾನಿನ ವಿಕಿರಣಶೀಲ ಬಗೆಯೊಂದು ಸುಮಾರು 2,30,000 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಅಳೆದ ವಿಜ್ಞಾನಿಗಳು ಈಜಿಪ್ಟಿನ ಮರುಭೂಮಿಯ ಅಡಿಯ ನೀರು ಲಕ್ಷಾಂತರ ವರ್ಷಗಳಷ್ಟು ಹಳೆಯದೆಂದು 2004ರಲ್ಲಿ ಸಾರಿದರು.

ಕನ್ನಡಿಗರಾದ ನಮಗೆ ರಾಮ್ಸೆಯವರು ಪರಕೀಯರಲ್ಲ. ನಮ್ಮ ಮುಂಬಯಿಯ ಜಮ್‌ಷೇಟ್‌ಜಿ ಟಾಟಾ ಅವರು ಕಲ್ಪಿಸಿದ್ದ ವಿಜ್ಞಾನ ಸಂಸ್ಥೆಗೆ ಸ್ಥಳವನ್ನು ಆರಿಸಲು 1900ರಲ್ಲಿ ಭಾರತಕ್ಕೆ ಬಂದ ಅವರು, ಬೆಂಗಳೂರನ್ನು ಸೂಚಿಸಿದರು. 1909ರಲ್ಲಿ ಆ ಸಂಸ್ಥೆ ಸ್ಥಾಪಿತವಾಯಿತು. ಟ್ರಾವರ್ಸ್ ಅವರೇ ಅದರ ಮೊದಲ ನಿರ್ದೇಶಕರಾದರು. ರಾಮ್ಸೆಯವರು 1916ರ ಜುಲೈ 23ರಂದು ದಿವಂಗತರಾದರು.

ಆಳದ ಬಾವಿಯ ನೀರು ಕೆಲವೆಡೆ ನಮ್ಮ ಪೂರ್ವಜರಿಗಿಂತಲೂ ಪುರಾತನವಾದುದು. ಒಮ್ಮೆ ಬತ್ತಿದರೆ ನಮ್ಮ ಜೀವಿತಕಾಲದಲ್ಲಿ ಮತ್ತೆ ತುಂಬದು. ಅಲ್ಪವೆಂದು ತೋರಿದುದನ್ನು ಕಡೆಗಣಿಸದ ಈ ಮಹನೀಯರ ಶೋಧದಿಂದಲೇ ನಾವು ಇದನ್ನು ತಿಳಿಯಲು ಸಾಧ್ಯವಾಗಿದೆ. ತಿಳಿದ ಮೇಲೆ ನೀರನ್ನು ಹಿತಮಿತವಾಗಿ ಬಳಸುವುದು ನಮ್ಮ ಕರ್ತವ್ಯವಲ್ಲವೇ?