ಬಡವರ ಬಾಗಿಲು ತಟ್ಟಿದ ಪ್ರಾಧ್ಯಾಪಕ: ಪುನೀತ ಫ್ರೆಡರಿಕ್ ಓಝನಾಮ್

ಸೆಪ್ಟೆಂಬರ್ 8 ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಸಂಭ್ರಮದ ದಿನ. ಮಾತೆ ಮರಿಯಮ್ಮನವರ ಜನ್ಮೋತ್ಸವದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಹೊಸ ಅಕ್ಕಿಯ ಊಟ ಮಾಡುವ ವಾಡಿಕೆ ತಲೆತಲಾಂತರದಿಂದ ನಡೆದು ಬಂದಿದೆ. 1853ರ ಇದೇ ದಿನ ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ನಲ್ವತ್ತರ ಹರೆಯದ ಪ್ರಾಧ್ಯಾಪಕರೊಬ್ಬರು ಪತ್ನಿಯನ್ನೂ ಎಂಟು ವರ್ಷದ ಮಗಳನ್ನೂ ಅಗಲಿ ಪ್ರಭುವಿನ ಸನ್ನಿಧಿಗೆ ತೆರಳಿದರು. ಅವರೇ ಫ್ರೆಡರಿಕ್ ಓಝನಾಮ್. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಸದ್ದಿಲ್ಲದೆ ಸೇವೆ ಸಲ್ಲಿಸುತ್ತಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸೊಸೈಟಿಯ ಬೇರನ್ನು ಹುಡುಕಿ ಹೊರಟರೆ ನಾವು ತಲುಪುವುದು ಇವರನ್ನೂ ಇವರ ಗೆಳೆಯರನ್ನೂ.

ಓಝನಾಮರು ಜನಿಸಿದ್ದು 1813ರ ಏಪ್ರಿಲ್ 23ರಂದು, ಇಟಲಿಯ ಮಿಲಾನ್ ನಗರದಲ್ಲಿ. ತಂದೆ ವೈದ್ಯರು. ಕುಟುಂಬವು ಅವರ ಬಾಲ್ಯದಲ್ಲಿಯೇ ಫ್ರಾನ್ಸಿನ ಲಿಯೋನ್ ನಗರಕ್ಕೆ ಮರಳಿತು. ಹದಿನಾಲ್ಕು ಮಕ್ಕಳನ್ನು ಹೆತ್ತ ಆ ತಾಯಿಯ ಮಡಿಲಲ್ಲಿ ಬೆಳೆದು ದೊಡ್ಡವರಾದವರು ಕೆಲವರು ಮಾತ್ರ. ಲಿಯೋನ್ ರೇಷ್ಮೆ ನೇಯ್ಗೆಗೆ ಹೆಸರಾದ ನಗರ. ಹಗಲಿರುಳು ಮಗ್ಗದ ಮುಂದೆ ದುಡಿದರೂ ಹೊಟ್ಟೆ ತುಂಬದ ನೇಕಾರರ ಕೇರಿಗಳನ್ನು ಬಾಲಕ ಫ್ರೆಡರಿಕ್ ಕಣ್ಣಾರೆ ಕಂಡರು. ಬಡ ರೋಗಿಗಳಿಂದ ಹಣ ಪಡೆಯದೆ ಶುಶ್ರೂಷೆ ಮಾಡುತ್ತಿದ್ದ ತಂದೆಯೇ ಅವರಿಗೆ ಮೊದಲ ಪಾಠಶಾಲೆಯಾದರು. 1837ರಲ್ಲಿ ಆ ತಂದೆ ಮಡಿದದ್ದೂ ರೋಗಿಯೊಬ್ಬರನ್ನು ನೋಡಲು ಹೋದಾಗ ಮೆಟ್ಟಿಲಿನಿಂದ ಬಿದ್ದು.

1831ರಲ್ಲಿ ಕಾನೂನು ವ್ಯಾಸಂಗಕ್ಕಾಗಿ ಓಝನಾಮರು ಪ್ಯಾರಿಸಿಗೆ ಬಂದರು. ವಿದ್ಯುಚ್ಛಕ್ತಿಯ ಅಳತೆಗೆ ತನ್ನ ಹೆಸರನ್ನೇ ಕೊಟ್ಟ ವಿಜ್ಞಾನಿ ಆಂಪೇರ್ ಅವರ ಮನೆಯಲ್ಲಿ ಈ ತರುಣನಿಗೆ ಆಶ್ರಯ ದೊರೆಯಿತು. ಆ ಮಹಾಮೇಧಾವಿ ಚರ್ಚಿನ ಮೂಲೆಯೊಂದರಲ್ಲಿ ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದುದನ್ನು ಕಂಡು ಓಝನಾಮರ ವಿಶ್ವಾಸ ದೃಢವಾಯಿತೆಂದು ಹೇಳುತ್ತಾರೆ. ವಿಶ್ವವಿದ್ಯಾನಿಲಯದ ವಾತಾವರಣ ಮಾತ್ರ ಬೇರೆಯೇ ಆಗಿತ್ತು. ಧರ್ಮದ ಕಾಲ ಮುಗಿಯಿತೆಂದು ಸಾರುವವರೇ ಅಲ್ಲಿ ಹೆಚ್ಚು. 1832ರಲ್ಲಿ ಕಾಲರಾ ಮಾರಿ ನಗರಕ್ಕೆ ಕಾಲಿಟ್ಟು ಸಾವಿರಾರು ಮಂದಿಯನ್ನು ಬಲಿ ತೆಗೆದುಕೊಂಡಿತು. ಇಕ್ಕಟ್ಟಾದ ಕೊಳಕು ಓಣಿಗಳ ಬಡವರೇ ಹೆಚ್ಚಾಗಿ ಅದಕ್ಕೆ ತುತ್ತಾದರು.

ಆಗ ಕಥೋಲಿಕ ವಿದ್ಯಾರ್ಥಿಗಳು ಪತ್ರಕರ್ತ ಎಮ್ಮಾನುಯೆಲ್ ಬೈಯಿ ಅವರ ಆಶ್ರಯದಲ್ಲಿ ಚರ್ಚಾಕೂಟವೊಂದನ್ನು ನಡೆಸುತ್ತಿದ್ದರು. ಒಂದು ದಿನ ಎದುರಾಳಿಯೊಬ್ಬ ನೇರವಾದ ಪ್ರಶ್ನೆಯನ್ನೆಸೆದ. ಧರ್ಮಸಭೆ ಹಿಂದೆ ಮಹತ್ಕಾರ್ಯಗಳನ್ನು ಮಾಡಿರಬಹುದು. ಆದರೆ ಇಂದು, ಈ ನಗರದ ಬಡವರಿಗಾಗಿ, ನೀವು ಮಾಡುತ್ತಿರುವುದಾದರೂ ಏನು ಎಂಬುದು ಅವನ ಸವಾಲು. ವಾದದಲ್ಲಿ ಎಂದೂ ಸೋಲದ ಓಝನಾಮರಿಗೆ ಅಂದು ಉತ್ತರ ಸಿಗಲಿಲ್ಲ. ಆ ಸವಾಲಿನಲ್ಲಿ ಸತ್ಯವಿದೆಯೆಂದು ಅವರು ಒಪ್ಪಿಕೊಂಡರು. ಆ ಸಂಜೆಯೇ ಗೆಳೆಯ ಲೆ ತಾಯಾಂದಿಯೆಯೊಡನೆ ತಮ್ಮ ಪಾಲಿಗೆ ಉಳಿದಿದ್ದ ಚಳಿಗಾಲದ ಸೌದೆಯನ್ನು ಹೊತ್ತು ಬಡವನೊಬ್ಬನ ಮನೆಗೆ ಕೊಟ್ಟುಬಂದರೆಂಬ ಪ್ರತೀತಿಯಿದೆ.

1833ರ ಏಪ್ರಿಲ್ 23ರಂದು, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದ ದಿನ, ಓಝನಾಮರು ಮತ್ತು ಐವರು ಸಹಪಾಠಿಗಳು ಬೈಯಿ ಅವರ ಪತ್ರಿಕಾ ಕಚೇರಿಯಲ್ಲಿ ಸಭೆ ಸೇರಿದರು. ಬೈಯಿ ಅಧ್ಯಕ್ಷರಾದರು. ಉತ್ಸಾಹವಿತ್ತು, ಆದರೆ ದಾರಿ ತಿಳಿದಿರಲಿಲ್ಲ. ದಾರಿ ತೋರಿಸಿದವರು ಮುಫೆತಾರ್ ಕೇರಿಯ ಬಡವರ ನಡುವೆ ಬಾಳುತ್ತಿದ್ದ ಧರ್ಮಭಗಿನಿ ರೋಸಲಿ ರೆಂದ್ಯು. ಯಾವ ಮನೆಗೆ ಹೋಗಬೇಕು, ಹೇಗೆ ಮಾತನಾಡಬೇಕು, ಹೇಗೆ ತಾಳ್ಮೆಯಿಂದ ಕೇಳಬೇಕು ಎಂಬುದನ್ನೆಲ್ಲ ಅವರು ಈ ತರುಣರಿಗೆ ಕಲಿಸಿಕೊಟ್ಟರು. ಆರಂಭದಲ್ಲಿ ರೊಟ್ಟಿಯ ಚೀಟಿಗಳನ್ನು ಕೊಟ್ಟು ಕಳುಹಿಸಿದವರೂ ಅವರೇ.

ಈ ಸಂಘದ ಕಾರ್ಯವಿಧಾನ ಬಹು ಸರಳವಾಗಿತ್ತು. ಪ್ರತಿ ಸಭೆಯ ಕೊನೆಗೆ ಸದಸ್ಯರ ನಡುವೆ ಕಾಣಿಕೆ ಎತ್ತಲಾಗುತ್ತಿತ್ತು. ಯಾರು ಎಷ್ಟು ಹಾಕಿದರೆಂಬುದು ಗುಟ್ಟು. ಆ ಹಣ ರೊಟ್ಟಿಯಾಗಿ, ಸೌದೆಯಾಗಿ, ಬಟ್ಟೆಯಾಗಿ ಬಡವರ ಮನೆ ಸೇರುತ್ತಿತ್ತು. ಆದರೆ ಯಾರನ್ನೂ ಕಚೇರಿಗೆ ಕರೆಸಿ ಸಾಲಿನಲ್ಲಿ ನಿಲ್ಲಿಸುವಂತಿರಲಿಲ್ಲ. ಸದಸ್ಯರೇ ಆ ಮನೆಗೆ ಹೋಗಬೇಕು, ಕುಳಿತು ಕಷ್ಟಸುಖ ವಿಚಾರಿಸಬೇಕು, ಮತ್ತೆ ಮತ್ತೆ ಹೋಗಬೇಕು. ಹಣವನ್ನು ಕೂಡಿಟ್ಟು ಬೆಳೆಸುವುದಲ್ಲ, ಬಡವರ ಸೊತ್ತೆಂದು ತಿಳಿದು ತಡಮಾಡದೆ ತಲುಪಿಸುವುದು ಅವರ ಕ್ರಮವಾಯಿತು. ಎರಡು ವರ್ಷ ತುಂಬುವ ಮೊದಲೇ ಸದಸ್ಯರ ಸಂಖ್ಯೆ ನೂರು ದಾಟಿತು. ಸಂಘವನ್ನು ಶಾಖೆಗಳಾಗಿ ವಿಂಗಡಿಸಬೇಕೆಂದು ಓಝನಾಮರು ಸೂಚಿಸಿದಾಗ, ಒಟ್ಟಿಗಿದ್ದವರು ಅಗಲಬೇಕೇ ಎಂದು ಗೆಳೆಯರು ನೊಂದುಕೊಂಡರು. ಆ ವಿಂಗಡಣೆಯೇ ಮುಂದೆ ಬೆಳವಣಿಗೆಗೆ ಕಾರಣವಾಯಿತು. 1844ರಲ್ಲಿ ಲಂಡನ್ ಹಾಗೂ ಡಬ್ಲಿನ್ ನಗರಗಳಲ್ಲಿ, 1845ರಲ್ಲಿ ಅಮೆರಿಕದ ಸೈಂಟ್ ಲೂಯಿಸ್ ನಗರದಲ್ಲಿ ಶಾಖೆಗಳು ತಲೆಯೆತ್ತಿದವು.

ಓಝನಾಮರು ಬರಿಯ ದಾನಿಯಾಗಿರಲಿಲ್ಲ. ಕಾನೂನಿನಲ್ಲಿಯೂ ಸಾಹಿತ್ಯದಲ್ಲಿಯೂ ಡಾಕ್ಟರೇಟ್ ಗಳಿಸಿದ ಅವರು 1839ರಲ್ಲಿ ಲಿಯೋನಿನಲ್ಲಿ ವಾಣಿಜ್ಯ ಕಾನೂನಿನ ಪ್ರಾಧ್ಯಾಪಕರಾದರು. ಕೂಲಿಯೆಂದರೆ ಕಾರ್ಮಿಕನ ಕುಟುಂಬದ ಜೀವನಕ್ಕೆ, ಮಕ್ಕಳ ವಿದ್ಯೆಗೆ, ಮುಪ್ಪಿನ ದಿನಗಳಿಗೆ ಸಾಕಾಗುವಂತಿರಬೇಕು. ಮನುಷ್ಯನನ್ನು ಯಂತ್ರದಂತೆ ಬಳಸುವುದು ಶೋಷಣೆ ಎಂದು ಅವರು ಅಲ್ಲಿ ಬೋಧಿಸಿದರು. ಕಾರ್ಮಿಕರ ಹಕ್ಕುಗಳ ಕುರಿತು ವಿಶ್ವಗುರು ಹದಿಮೂರನೆಯ ಲಿಯೋ ಅವರ ವಿಶ್ವಪತ್ರ ಹೊರಬಂದದ್ದು 1891ರಲ್ಲಿ. ಅದಕ್ಕೂ ಅರ್ಧ ಶತಮಾನದ ಹಿಂದಿನ ಮಾತಿದು. 1841ರಲ್ಲಿ ಅಮೆಲಿ ಸುಲಾಕ್ರುವಾ ಅವರನ್ನು ವಿವಾಹವಾಗಿ, ಪ್ಯಾರಿಸಿನ ಸೊರ್ಬೋನ್ ವಿಶ್ವವಿದ್ಯಾನಿಲಯದಲ್ಲಿ ವಿದೇಶೀ ಸಾಹಿತ್ಯದ ಬೋಧನೆಗೆ ತೊಡಗಿದರು.

ಅವರ ಸಂಸಾರದ ಒಂದು ಪ್ರಸಂಗ ಇಲ್ಲಿ ನೆನೆಯತಕ್ಕದ್ದು. ಒಮ್ಮೆ ಹೊಸವರ್ಷದ ದಿನ, ತಾವು ಭೇಟಿ ನೀಡುತ್ತಿದ್ದ ಬಡ ಕುಟುಂಬವೊಂದು ತನ್ನ ಹಿಂದಿನ ಒಳ್ಳೆಯ ದಿನಗಳ ಕುರುಹಾಗಿ ಉಳಿದಿದ್ದ ಮರದ ಕಪಾಟನ್ನು ಅಡವಿಟ್ಟಿರುವ ಸಂಗತಿ ಓಝನಾಮರ ಮನಸ್ಸನ್ನು ಕಾಡಿತು. ಅದನ್ನು ಬಿಡಿಸಿಕೊಡುವ ಆಸೆಯನ್ನು ಪತ್ನಿಗೆ ತಿಳಿಸಿದರು. ಆಕೆ ತಕ್ಕ ಕಾರಣಗಳನ್ನು ಕೊಟ್ಟು ಬೇಡವೆಂದರು, ಅವರೂ ಸುಮ್ಮನಾದರು. ಸಂಜೆ ಮನೆಗೆ ಬಂದಾಗ ಮಗಳ ಸುತ್ತ ಹರಡಿದ್ದ ಉಡುಗೊರೆಯ ಆಟಿಕೆಗಳನ್ನು ಕಂಡು ಅವರ ಮುಖ ಬಾಡಿತು. ಮುಂದಿಟ್ಟ ಸಿಹಿಯನ್ನೂ ಮುಟ್ಟಲಿಲ್ಲ. ಗಂಡನ ವ್ಯಥೆಯನ್ನರಿತ ಅಮೆಲಿಯವರೇ ಆಗ ಅವರನ್ನು ಹೊರಡಿಸಿದರು. ಕಪಾಟನ್ನು ಬಿಡಿಸಿ, ಅದು ಆ ಮನೆ ಸೇರಿದ ಮೇಲೆಯೇ ಓಝನಾಮರು ಹರ್ಷದಿಂದ ಹಿಂದಿರುಗಿದರು. ಕಪಾಟಿನಿಂದ ಹೊಟ್ಟೆ ತುಂಬದು, ನಿಜ. ಆದರೆ ಆ ಕುಟುಂಬ ಕಳೆದುಕೊಂಡದ್ದು ಮರದ ಸಾಮಾನನ್ನಲ್ಲ, ತನ್ನ ಮಾನವನ್ನು ಎಂಬುದನ್ನು ಅವರು ಅರಿತಿದ್ದರು.

1848 ಫ್ರಾನ್ಸಿಗೆ ಅಗ್ನಿಪರೀಕ್ಷೆಯ ವರ್ಷ. ನಿರುದ್ಯೋಗಿಗಳಿಗಾಗಿ ತೆರೆದಿದ್ದ ರಾಷ್ಟ್ರೀಯ ಕಾರ್ಯಾಗಾರಗಳನ್ನು ಮುಚ್ಚಹೊರಟಾಗ ಜೂನ್ ತಿಂಗಳಲ್ಲಿ ಕಾರ್ಮಿಕರು ದಂಗೆಯೆದ್ದರು. ಪ್ಯಾರಿಸಿನ ಬೀದಿಗಳಲ್ಲಿ ರಕ್ತ ಹರಿಯಿತು. ಓಝನಾಮರು ಇಬ್ಬರು ಗೆಳೆಯರೊಡನೆ ಮಹಾಧರ್ಮಾಧ್ಯಕ್ಷ ಆಫ್ರ್ ಅವರ ಬಳಿಗೆ ಹೋಗಿ ಶಾಂತಿದೂತರಾಗಿ ಮಧ್ಯಸ್ಥಿಕೆ ವಹಿಸಬೇಕೆಂದು ಬಿನ್ನವಿಸಿಕೊಂಡರು. ಜೂನ್ 25ರಂದು ಮಹಾಧರ್ಮಾಧ್ಯಕ್ಷರು ಹೋರಾಟದ ನಡುವೆ ಕಾಲಿಟ್ಟು ಗುಂಡೇಟಿಗೆ ಒಳಗಾದರು, 27ರಂದು ಪ್ರಾಣಬಿಟ್ಟರು. ಆ ನೋವಿನ ನಡುವೆಯೂ ಕೆಲಸ ನಿಲ್ಲಲಿಲ್ಲ. ಅದೇ ವರ್ಷ ಸರಕಾರವು ನಗರದ ಬಡವರಿಗೆ ಮಂಜೂರು ಮಾಡಿದ ನೆರವಿನ ಮೇಲ್ವಿಚಾರಣೆಯನ್ನು ಈ ಸೊಸೈಟಿಗೆ ವಹಿಸಿತು. ಯುರೋಪಿನ ಇತರ ಶಾಖೆಗಳೂ ಸಹಾಯಹಸ್ತ ಚಾಚಿದವು. ಮನೆ ಮನೆಯನ್ನು ಬಲ್ಲವರ ಕೈಯಲ್ಲಿ ಹಣ ಸದ್ವಿನಿಯೋಗವಾಗುವುದೆಂಬ ನಂಬಿಕೆಗೆ ಪಾತ್ರವಾಗುವುದು ಸಾಮಾನ್ಯ ಗೌರವವಲ್ಲ.

ಗೆಳೆಯರೊಡನೆ ಸ್ಥಾಪಿಸಿದ್ದ ಪತ್ರಿಕೆಯಲ್ಲಿ ಓಝನಾಮರು ಆ ದಿನಗಳಲ್ಲಿ ಬಡತನದ ಕಾರಣಗಳನ್ನು ಕುರಿತು ಬರೆದರು. ನೆರವಿನಲ್ಲಿ ಎರಡು ಬಗೆ: ಒಂದು ಪಡೆಯುವವನನ್ನು ಕುಗ್ಗಿಸುತ್ತದೆ, ಇನ್ನೊಂದು ಅವನನ್ನು ಗೌರವಿಸುತ್ತದೆ ಎಂದು ವಿವರಿಸಿದರು. ದಾನವು ಗಾಯಕ್ಕೆ ಮುಲಾಮು ಹಚ್ಚಬಲ್ಲುದು. ಗಾಯವೇ ಆಗದಂತೆ ತಡೆಯಲು ನ್ಯಾಯ ಬೇಕು ಎಂಬುದು ಅವರ ನಿಲುವಾಗಿತ್ತು. ಇದು ಅನೇಕ ಸಿರಿವಂತರಿಗೆ ರುಚಿಸಲಿಲ್ಲ. ಸ್ವಮತೀಯರೇ ಅವರನ್ನು ಸಂಶಯದಿಂದ ಕಂಡರು. 1849ರಲ್ಲಿ ಪತ್ರಿಕೆ ನಿಂತಿತು, ಮನೆಭೇಟಿ ನಿಲ್ಲಲಿಲ್ಲ.

ಅತಿಯಾದ ದುಡಿಮೆಯಿಂದ ಅವರ ದೇಹ ಜರ್ಜರಿತವಾಯಿತು. ಮೂತ್ರಪಿಂಡದ ಕಾಯಿಲೆ ಉಲ್ಬಣಿಸಿತು. ಆರೋಗ್ಯಕ್ಕಾಗಿ ಇಟಲಿಗೆ ಹೋದವರು ತವರಿಗೆ ಮರಳುವ ದಾರಿಯಲ್ಲಿಯೇ ಕೊನೆಯುಸಿರೆಳೆದರು. ಅವರನ್ನು ಸಮಾಧಿ ಮಾಡಿದ್ದು ಪ್ಯಾರಿಸಿನ ಕಾರ್ಮೆಲ್ ಚರ್ಚಿನಲ್ಲಿ. 1997ರ ಆಗಸ್ಟ್ 22ರಂದು, ವಿಶ್ವ ಯುವಜನ ದಿನಾಚರಣೆಗೆಂದು ಪ್ಯಾರಿಸಿಗೆ ಬಂದಿದ್ದ ವಿಶ್ವಗುರು ಎರಡನೆಯ ಜಾನ್ ಪಾವ್ಲ್ ಅವರು ನೊತ್ರ ದಾಮ್ ಪ್ರಧಾನಾಲಯದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ದಾರಿ ತೋರಿದ ಧರ್ಮಭಗಿನಿ ರೋಸಲಿಯವರಿಗೂ 2003ರಲ್ಲಿ ಅದೇ ಪದವಿ ಸಂದಿತು.

ಸೊಸೈಟಿಯು ಇಂದು ಸುಮಾರು 150 ದೇಶಗಳಲ್ಲಿ ಹರಡಿದೆ. ಅನುಕೂಲವಂತ ದೇಶದ ಶಾಖೆಯು ಬಡ ದೇಶದ ಶಾಖೆಯೊಂದನ್ನು ಒಡನಾಡಿಯಾಗಿ ಸ್ವೀಕರಿಸಿ ನೆರವಾಗುವ ಕ್ರಮದಿಂದ ಭಾರತದ ಅನೇಕ ಘಟಕಗಳೂ ಪ್ರಯೋಜನ ಪಡೆದಿವೆ. ಆದರೆ ಹಣ ಎಲ್ಲಿಂದಲೇ ಬರಲಿ, ಕೊನೆಯ ಹೆಜ್ಜೆಯನ್ನು ಯಾರಾದರೊಬ್ಬರು ನಡೆದೇ ತೀರಬೇಕು. ನಮ್ಮ ನಗರಗಳಲ್ಲಿ ಬಾಡಿಗೆ ಕಟ್ಟಲಾರದೆ, ಮದ್ದಿಗೆ ಕಾಸಿಲ್ಲದೆ, ಬಾಗಿಲು ಮುಚ್ಚಿಕೊಂಡು ಕಷ್ಟವನ್ನು ನುಂಗುವ ಕುಟುಂಬಗಳಿಗೆ ಕೊರತೆಯಿಲ್ಲ. ಅಂದು ಆ ವಿದ್ಯಾರ್ಥಿ ಕೇಳಿದ ಪ್ರಶ್ನೆ ನಮ್ಮ ಮುಂದೆಯೂ ಇದೆ. ತೆನೆ ಹಬ್ಬದಂದು ಹೊಸ ಅಕ್ಕಿಯ ಊಟಕ್ಕೆ ಕುಳಿತಾಗ, ನೆರೆಯ ಒಂದು ಮನೆಯ ಬಾಗಿಲನ್ನು ತಟ್ಟಿ ಬಂದೆವೇ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ, ಅದೇ ದಿನ ಅಗಲಿದ ಈ ಪುಣ್ಯಪುರುಷನಿಗೆ ನಾವು ಸಲ್ಲಿಸುವ ನಿಜವಾದ ನಮನ ಅದಾದೀತು.