ಹಿಲ್ಡೆ ಮ್ಯಾಂಗೋಲ್ಡ್

ಪ್ರಾಣಿಯ ಶರೀರವೆಲ್ಲವೂ ಒಂದೇ ಒಂದು ಜೀವಕೋಶದಿಂದ ರೂಪುಗೊಳ್ಳುತ್ತದೆ. ಆ ಕೋಶವು ಒಡೆದು ಎರಡಾಗಿ, ನಾಲ್ಕಾಗಿ, ಸಾವಿರಾರಾಗಿ ಬೆಳೆಯುವಾಗ ಸಾಮಾನ್ಯವಾಗಿ ಎಲ್ಲ ಕೋಶಗಳಿಗೂ ದೊರೆಯುವ ವಂಶವಾಹಿಗಳು ಒಂದೇ. ಆದರೂ ಒಂದು ಕೋಶ ಮಿದುಳಿನದಾಗುತ್ತದೆ; ಮತ್ತೊಂದು ಚರ್ಮದ್ದಾಗುತ್ತದೆ. ಇದು ಯಾರ ಅಪ್ಪಣೆಯಿಂದ? ಈ ಪ್ರಶ್ನೆಗೆ ಉತ್ತರದ ದಾರಿಯನ್ನು ತೋರಿದವರಲ್ಲಿ, ಇಪ್ಪತ್ತಾರು ವರ್ಷ ತುಂಬುವ ಮೊದಲೇ ತೀರಿಕೊಂಡ ತರುಣಿಯೊಬ್ಬರಿದ್ದರು.

ಹಿಲ್ಡೆ ಪ್ರೋಶೋಲ್ಟ್ ಜನಿಸಿದುದು 1898ನೆಯ ಇಸವಿ ಅಕ್ಟೋಬರ್ 20ರಂದು, ಜರ್ಮನಿಯ ಗೋಥಾ ಪಟ್ಟಣದಲ್ಲಿ. ತಂದೆ ಸಾಬೂನಿನ ಕಾರ್ಖಾನೆಯೊಂದರ ಒಡೆಯರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದು ಹೆಚ್ಚು ಕಾಲವಾಗಿರಲಿಲ್ಲ. ಹಿಲ್ಡೆ ಮೊದಲು ಯೇನಾದಲ್ಲಿ ರಸಾಯನಶಾಸ್ತ್ರವನ್ನು ಓದಿ, ಅನಂತರ ಫ್ರಾಂಕ್‌ಫರ್ಟ್‌ಗೆ ಹೋದರು. ಅಲ್ಲಿ ಭ್ರೂಣಗಳ ಬೆಳವಣಿಗೆಯನ್ನು ಕುರಿತು ಹ್ಯಾನ್ಸ್ ಸ್ಪೆಮನ್ನರು ಮಾಡಿದ ಉಪನ್ಯಾಸವೊಂದನ್ನು ಕೇಳಿದರು. ಆಕೆಯ ಮನಸ್ಸು ಆ ವಿಷಯದಲ್ಲಿ ನೆಟ್ಟಿತು. 1920ರಲ್ಲಿ ಸ್ಪೆಮನ್ನರ ಶಿಷ್ಯೆಯಾಗಿ ಫ್ರೈಬುರ್ಗ್ ನಗರದ ಪ್ರಾಣಿಶಾಸ್ತ್ರ ಸಂಸ್ಥೆಯನ್ನು ಸೇರಿದರು. ಮರುವರ್ಷ ಸ್ಪೆಮನ್ನರ ಸಹಾಯಕರಾಗಿದ್ದ ಒಟ್ಟೊ ಮ್ಯಾಂಗೋಲ್ಡರನ್ನು ವಿವಾಹವಾದರು.

ಗುರುಗಳು ಮೊದಲು ಒಪ್ಪಿಸಿದ ಕೆಲಸ ಕೈಗೂಡಲಿಲ್ಲ. ಹೈಡ್ರಾ ಎಂಬ ಅತಿ ಸಣ್ಣ ಜಲಚರವನ್ನು, ಚೀಲವನ್ನು ಮಗುಚುವಂತೆ ಒಳಹೊರಗು ಮಾಡಬೇಕೆಂಬುದು ಆ ಕೆಲಸ. ಹದಿನೆಂಟನೆಯ ಶತಮಾನದಲ್ಲಿ ಟ್ರೆಂಬ್ಲೆ ಎಂಬ ಪ್ರಕೃತಿವಿಜ್ಞಾನಿ ಇದನ್ನು ಮಾಡಿ ತೋರಿಸಿದ್ದನು. ಹಿಲ್ಡೆಯವರು ಎಷ್ಟು ಹೆಣಗಿದರೂ ಅದು ಸಾಧ್ಯವಾಗಲಿಲ್ಲ. ಆಗ ಸ್ಪೆಮನ್ನರು ಬೇರೊಂದು ಕೆಲಸವನ್ನು ಕೊಟ್ಟರು. ಮೊದಲನೆಯದು ಫಲಿಸದೆ ಹೋದುದೇ ವಿಜ್ಞಾನದ ಪುಣ್ಯವೆನ್ನಬೇಕು.

ನ್ಯೂಟ್ ಎಂಬುದು ಕಪ್ಪೆಯ ಬಳಗಕ್ಕೆ ಸೇರಿದ, ಹಲ್ಲಿಯಂತೆ ಬಾಲವುಳ್ಳ ಉಭಯಚರ. ಅದರ ಭ್ರೂಣವು ಚೆಂಡಿನಾಕಾರದಲ್ಲಿರುವಾಗ ಮೈಮೇಲೆ ಸಣ್ಣ ಬಾಯಿಯಂತಹ ಸೀಳೊಂದು ಮೂಡುತ್ತದೆ. ಆ ಬಾಯಿಯ ಮೇಲ್ದುಟಿಗೆ ಏನೋ ವಿಶೇಷ ಶಕ್ತಿಯಿದೆಯೆಂಬುದನ್ನು ಸ್ಪೆಮನ್ನರು ಮೊದಲೇ ಕಂಡಿದ್ದರು. ಆದರೆ ಕಸಿ ಮಾಡಿದ ತುಣುಕು ಯಾವುದು, ಕಸಿಯನ್ನು ಪಡೆದ ಭ್ರೂಣದ ಸ್ವಂತ ಕೋಶಗಳು ಯಾವುವು ಎಂದು ಬೇರ್ಪಡಿಸಿ ಹೇಳುವುದು ಕಷ್ಟವಾಗಿತ್ತು. ಈ ತೊಡಕಿಗೆ ಪರಿಹಾರವಾಗಿ ಎರಡು ಜಾತಿಯ ನ್ಯೂಟ್‌ಗಳನ್ನು ಆರಿಸಿಕೊಳ್ಳಲಾಯಿತು. ಒಂದರ ಭ್ರೂಣ ಬಿಳುಪು, ಇನ್ನೊಂದರದು ಕಂದು. ಬಿಳಿಯ ಭ್ರೂಣದ ಮೇಲ್ದುಟಿಯನ್ನು ಕತ್ತರಿಸಿ ಕಂದು ಭ್ರೂಣದ ಹೊಟ್ಟೆಯ ಭಾಗದಲ್ಲಿ ನೆಡಬೇಕು. ಆಮೇಲೆ ಬಣ್ಣವೇ ಗುರುತು ಹೇಳುತ್ತದೆ.

ಹೇಳುವುದು ಸುಲಭ. ಆ ಭ್ರೂಣಗಳಾದರೋ ಸಾಸಿವೆಯ ಕಾಳಿನಷ್ಟು. ಆಯುಧಗಳೆಂದರೆ ಬೆಂಕಿಯಲ್ಲಿ ಎಳೆದು ಮೊನಚುಗೊಳಿಸಿದ ಗಾಜಿನ ಸೂಜಿ ಮತ್ತು ಎಳೆಯ ಮಗುವಿನ ಕೂದಲಿನಿಂದ ಮಾಡಿದ ಕುಣಿಕೆ. ಮಾವಿನ ಗಿಡಕ್ಕೆ ಕಸಿ ಕಟ್ಟುವ ತೋಟಗಾರನಿಗೆ ಕೈಗೆ ಸಿಗುವ ಕೊಂಬೆಯಾದರೂ ಇರುತ್ತದೆ. ಇಲ್ಲಿ ಎಲ್ಲವೂ ಸೂಕ್ಷ್ಮದರ್ಶಕದ ಅಡಿಯಲ್ಲಿ ನಡೆಯಬೇಕು. ಸೋಂಕನ್ನು ತಡೆಯುವ ಈಗಿನ ಔಷಧಿಗಳು ಆಗ ಇರಲಿಲ್ಲ. ಕಸಿಯಾದ ಭ್ರೂಣಗಳಲ್ಲಿ ಬಹುಪಾಲು ಸತ್ತುಹೋಗುತ್ತಿದ್ದವು. ನ್ಯೂಟ್‌ಗಳು ಮೊಟ್ಟೆಯಿಡುವುದು ವಸಂತದಲ್ಲಿ ಮಾತ್ರ. ಆ ಕೆಲವು ವಾರಗಳು ಕಳೆದರೆ ಮುಂದಿನ ವರ್ಷದವರೆಗೆ ಕಾಯಬೇಕು. ಹಿಲ್ಡೆಯವರು 1921 ಮತ್ತು 1922ರ ವಸಂತಗಳಲ್ಲಿ ನೂರಾರು ಕಸಿಗಳನ್ನು ಮಾಡಿದರು. ಪ್ರಬಂಧದಲ್ಲಿ ವಿವರಿಸಲು ಯೋಗ್ಯವಾಗಿ ಉಳಿದುವು ಬೆರಳೆಣಿಕೆಯ ಭ್ರೂಣಗಳು.

ಆದರೆ ಅವು ಸಾಕಾದುವು. ಕಂದು ಭ್ರೂಣದ ಹೊಟ್ಟೆಯ ಮೇಲೆ ಎರಡನೆಯ ಭ್ರೂಣವೊಂದು ಮೂಡಿತ್ತು! ಅದಕ್ಕೆ ತನ್ನದೇ ಆದ ಬೆನ್ನುಹುರಿಯ ಮೊಳಕೆಯಿತ್ತು. ಇನ್ನೂ ಆಶ್ಚರ್ಯವೆಂದರೆ, ಆ ಎರಡನೆಯ ಶರೀರದ ಬಹುಭಾಗ ಕಂದು ಬಣ್ಣದ್ದಾಗಿತ್ತು. ಎಂದರೆ ಬಿಳಿಯ ತುಣುಕು ತಾನೇ ಬೆಳೆದು ಶರೀರವಾಗಲಿಲ್ಲ. ಹೊಟ್ಟೆಯ ಚರ್ಮವಾಗಬೇಕಾಗಿದ್ದ ನೆರೆಯ ಕೋಶಗಳನ್ನು ಬೆನ್ನುಹುರಿಯಾಗುವಂತೆ ಪ್ರೇರಿಸಿತು. ಈ ತುಣುಕಿಗೆ ಸ್ಪೆಮನ್ನರು ಸಂಘಟಕವೆಂದು ಹೆಸರಿಟ್ಟರು.

ಈ ಕೆಲಸಕ್ಕಾಗಿ ಹಿಲ್ಡೆಯವರಿಗೆ 1923ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಪ್ರಬಂಧವು 1924ರಲ್ಲಿ ಅಚ್ಚಾಯಿತು. ಅದರಲ್ಲಿ ಸ್ಪೆಮನ್ನರ ಹೆಸರು ಮೊದಲು, ಹಿಲ್ಡೆಯವರದು ಆಮೇಲೆ. ಈ ಕ್ರಮ ಹಿಲ್ಡೆಯವರಿಗೆ ಸಮಾಧಾನ ತಂದಿರಲಿಲ್ಲ. ಆಲೋಚನೆ ಗುರುವಿನದು ನಿಜ. ಆದರೆ ಸೂಜಿ ಹಿಡಿದು ಎರಡು ವಸಂತಗಳನ್ನು ಸವೆಸಿದ ಕೈ ಶಿಷ್ಯೆಯದು.

ಅಷ್ಟರಲ್ಲಿ ಅವರಿಗೆ ಗಂಡುಮಗುವಾಗಿತ್ತು. ಒಟ್ಟೊ ಅವರಿಗೆ ಬರ್ಲಿನ್ನಿನಲ್ಲಿ ಕೆಲಸ ದೊರೆತು ಸಂಸಾರ ಅಲ್ಲಿಗೆ ಹೋಯಿತು. 1924ರ ಸೆಪ್ಟೆಂಬರಿನಲ್ಲಿ ಅಡುಗೆಮನೆಯ ಒಲೆಯಿಂದ ಬೆಂಕಿ ತಗುಲಿ ಹಿಲ್ಡೆ ತೀವ್ರವಾಗಿ ಸುಟ್ಟುಕೊಂಡರು. ಬದುಕಿ ಉಳಿಯಲಿಲ್ಲ. ಹನ್ನೊಂದು ವರ್ಷಗಳ ಅನಂತರ, 1935ರಲ್ಲಿ, ಸಂಘಟಕದ ಶೋಧನೆಗೆ ನೊಬೆಲ್ ಪಾರಿತೋಷಕ ಬಂದಿತು. ಅದನ್ನು ಪಡೆದವರು ಸ್ಪೆಮನ್ನರೊಬ್ಬರೇ.

ಸಂಘಟಕವು ನೆರೆಯ ಕೋಶಗಳಿಗೆ ಯಾವ ಭಾಷೆಯಲ್ಲಿ ಮಾತನಾಡುತ್ತದೆಂಬುದು ತಿಳಿಯಲು ಏಳು ದಶಕಗಳೇ ಹಿಡಿದುವು. ಅದು ಪ್ರೋಟೀನುಗಳ ಭಾಷೆ. ಭ್ರೂಣದ ಹೊಟ್ಟೆಯ ಕಡೆ ಬಿ.ಎಂ.ಪಿ. ಎಂಬ ಪ್ರೋಟೀನುಗಳಿರುತ್ತವೆ. ಮೂಳೆಯನ್ನು ಬೆಳೆಸುವ ಗುಣದಿಂದ ಅವುಗಳಿಗೆ ಆ ಹೆಸರು ಬಂದಿತಾದರೂ ಭ್ರೂಣದಲ್ಲಿ ಅವುಗಳ ಕೆಲಸವೇ ಬೇರೆ: ಕೋಶದ ಹೊರಮೈಯನ್ನು ತಟ್ಟಿ, ಒಳಗಿನ ದೂತರ ಮೂಲಕ ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸಿ, ಚರ್ಮಕ್ಕೆ ಬೇಕಾದ ವಂಶವಾಹಿಗಳನ್ನು ಎಚ್ಚರಗೊಳಿಸುವುದು. ಸಂಘಟಕವು ನಾಗಿನ್, ಕಾರ್ಡಿನ್ ಎಂಬ ಪ್ರೋಟೀನುಗಳನ್ನು ಹೊರಸೂಸಿ ಬಿ.ಎಂ.ಪಿ.ಯನ್ನು ಹಿಡಿದು ನಿಲ್ಲಿಸುತ್ತದೆ. ಆಗ ಆ ಕೋಶಗಳು ನರಮಂಡಲದ ಹಾದಿ ಹಿಡಿಯುತ್ತವೆ. ಸಂಘಟಕವು ಹುಟ್ಟುವುದಕ್ಕೂ ಬೀಟಾ-ಕೆಟೆನಿನ್ ಎಂಬ ಪ್ರೋಟೀನು ಬೇಕು. ಕೋಶದ ಅಂಚಿನಲ್ಲಿರುವಾಗ ಅದು ಕೋಶಗಳನ್ನು ಒಂದಕ್ಕೊಂದು ಬೆಸೆಯಲು ನೆರವಾಗುತ್ತದೆ. ಕೋಶಕೇಂದ್ರವನ್ನು ಹೊಕ್ಕಾಗ ವಂಶವಾಹಿಗಳನ್ನು ಎಬ್ಬಿಸುತ್ತದೆ. ಇರುವ ಸ್ಥಳ ಬೇರೆಯಾದಂತೆ ಕೆಲಸವೂ ಬೇರೆ.

ನಾಗಿನ್ 1992ರಲ್ಲಿಯೂ ಕಾರ್ಡಿನ್ 1994ರಲ್ಲಿಯೂ ಬೆಳಕಿಗೆ ಬಂದುವು. ಫ್ರೈಬುರ್ಗ್‌ನ ಪ್ರಯೋಗಶಾಲೆಯಲ್ಲಿ ಹಿಲ್ಡೆಯವರ ಜೊತೆಗೆ ಕಲಿತ ವಿಕ್ಟರ್ ಹ್ಯಾಂಬರ್ಗರ್ ಆಗ ಇನ್ನೂ ಬದುಕಿದ್ದರು. ಅವರು 2001ರವರೆಗೆ ಬಾಳಿದರು. ಹಿಲ್ಡೆಯವರನ್ನು ಸಂಘಟಕದ ಸಹಶೋಧಕಿಯೆಂದು ಕರೆದು 1984ರಲ್ಲಿ ಲೇಖನವನ್ನು ಬರೆದವರು ಅವರೇ.