ಸೆಲ್ಟಿಕ್ ತಂಡದ ಗೋಲ್‌ಕೀಪರ್ ಜಾನ್ ಥಾಮ್ಸನ್

ಫುಟ್‌ಬಾಲ್ ಆಟಗಾರರೊಬ್ಬರ ಜೀವನವೃತ್ತಾಂತಕ್ಕೆ ಈ ಅಂಕಣದಲ್ಲಿ ಏನು ಕೆಲಸವೆಂದು ಕೆಲವು ಓದುಗರು ಕೇಳಿಯಾರು. ಅದರಲ್ಲಿಯೂ ಇವರು ಕಥೋಲಿಕರಲ್ಲ. ಆದರೆ ಬಡ ಕಥೋಲಿಕ ಮಕ್ಕಳ ಊಟಕ್ಕಾಗಿ ಹುಟ್ಟಿಕೊಂಡ ತಂಡವೊಂದರ ಗೋಲನ್ನು ಕಾಯುತ್ತಲೇ 22ನೆಯ ವಯಸ್ಸಿನಲ್ಲಿ ಪ್ರಾಣತೆತ್ತ ಸ್ಕಾಟ್ಲೆಂಡಿನ ಜಾನ್ ಥಾಮ್ಸನ್‌ರ ಬಾಳನ್ನು ನಮ್ಮ ಕುಟುಂಬಗಳು ಅರಿತಿರಬೇಕೆಂದು ನಾವು ಭಾವಿಸುತ್ತೇವೆ.

ಮೊದಲು ಆ ತಂಡದ ವಿಚಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಹಸಿವಿನಿಂದ ಕಂಗೆಟ್ಟು ಐರ್ಲೆಂಡಿನಿಂದ ವಲಸೆ ಬಂದ ಕಥೋಲಿಕರು ಗ್ಲ್ಯಾಸ್ಗೋ ನಗರದ ಪೂರ್ವಭಾಗದ ಕೊಳಚೆ ಕೇರಿಗಳಲ್ಲಿ ತುಂಬಿದ್ದರು. ಅಲ್ಲಿ ಶಾಲೆ ನಡೆಸುತ್ತಿದ್ದ ಮಾರಿಸ್ಟ್ ಸಭೆಯ ಸಹೋದರ ವಾಲ್‌ಫ್ರಿಡ್‌ರಿಗೆ ಬರಿಹೊಟ್ಟೆಯಲ್ಲಿ ತರಗತಿಗೆ ಬರುವ ಮಕ್ಕಳದೇ ಚಿಂತೆ. ಊಟದ ನಿಧಿಗೆ ಹಣ ಕೂಡಿಸಲೆಂದು 1887ರ ನವೆಂಬರಿನಲ್ಲಿ ಸಂತ ಮರಿಯಮ್ಮನವರ ದೇವಾಲಯದ ಸಭಾಂಗಣದಲ್ಲಿ ಸೆಲ್ಟಿಕ್ ತಂಡವನ್ನು ಕಟ್ಟಲಾಯಿತು. ಮರುವರ್ಷ ಮೇ 28ರಂದು ಅದು ಆಡಿದ ಮೊದಲ ಪಂದ್ಯ ಅದೇ ನಗರದ ರೇಂಜರ್ಸ್ ವಿರುದ್ಧ. 5-2 ಗೋಲುಗಳಿಂದ ಸೆಲ್ಟಿಕ್ ಗೆದ್ದಿತು. ಆಟ ಮುಗಿದ ಮೇಲೆ ಎರಡೂ ಪಾಳೆಯದವರು ಒಂದೇ ಸಭಾಂಗಣದಲ್ಲಿ ಕುಳಿತು ಉಂಡರು. ಈ ಸೌಹಾರ್ದ ಬಹುಕಾಲ ಬಾಳಲಿಲ್ಲ. ಸೆಲ್ಟಿಕ್ ಎಂದರೆ ಕಥೋಲಿಕರು, ರೇಂಜರ್ಸ್ ಎಂದರೆ ಪ್ರೊಟೆಸ್ಟೆಂಟರು ಎಂಬಂತಾಗಿ, ಒಬ್ಬನೇ ಕ್ರಿಸ್ತರನ್ನು ಪೂಜಿಸುವ ಜನ ಮೈದಾನದ ಎರಡು ಬದಿಗಳಲ್ಲಿ ನಿಂತು ಪರಸ್ಪರ ಹೀಯಾಳಿಸತೊಡಗಿದರು. ಆದರೂ ಸೆಲ್ಟಿಕ್ ತಂಡ ಇತರ ಪಂಗಡಗಳ ಆಟಗಾರರಿಗೆ ಬಾಗಿಲು ಮುಚ್ಚಲಿಲ್ಲ ಎಂಬುದನ್ನು ಸಂತೋಷದಿಂದಲೇ ಹೇಳಬೇಕು.

ಆ ಬಾಗಿಲಿನಿಂದ ಒಳಬಂದವರೇ ಥಾಮ್ಸನ್. 1909ರ ಜನವರಿ 28ರಂದು ಫೈಫ್ ಪ್ರಾಂತ್ಯದ ಕರ್ಕಾಲ್ಡಿಯಲ್ಲಿ ಜನಿಸಿ, ಕಾರ್ಡೆಂಡೆನ್ ಎಂಬ ಗಣಿಯೂರಿನಲ್ಲಿ ಬೆಳೆದರು. ಕುಟುಂಬವು ಪ್ರೊಟೆಸ್ಟೆಂಟರ ಒಂದು ಸಣ್ಣ ಪಂಗಡಕ್ಕೆ ಸೇರಿತ್ತು. ಹದಿನಾಲ್ಕನೆಯ ವಯಸ್ಸಿಗೇ ತಂದೆಯ ಹಾದಿ ಹಿಡಿದು ಕಲ್ಲಿದ್ದಲ ಗಣಿಗೆ ಇಳಿದರು. ಸ್ಥಳೀಯ ತಂಡಗಳಲ್ಲಿ ಗೋಲ್‌ಕೀಪರ್ ಆಗಿ ಆಡುತ್ತಿದ್ದ ಈ ಹುಡುಗನನ್ನು ಸೆಲ್ಟಿಕ್ 1926ರಲ್ಲಿ ಕೇವಲ 10 ಪೌಂಡು ಕೊಟ್ಟು ಕರೆತಂದಿತು. 1927ರ ಫೆಬ್ರವರಿಯಲ್ಲಿ ಡಂಡೀ ತಂಡದ ವಿರುದ್ಧ ಮೊದಲ ಪಂದ್ಯ. ಎರಡೇ ತಿಂಗಳಲ್ಲಿ ಕೈಗೆ ಸ್ಕಾಟಿಷ್ ಕಪ್!

ಅಂದಿನ ಗೋಲ್‌ಕೀಪರುಗಳೊಡನೆ ಹೋಲಿಸಿದರೆ ಥಾಮ್ಸನ್‌ರದು ಭಾರಿ ಮೈಕಟ್ಟೇನಲ್ಲ. ಆದರೆ ನೆಗೆತ, ಚುರುಕು, ಮತ್ತು ಎದುರಾಳಿಯ ಕಾಲ ಬುಡಕ್ಕೇ ಧುಮುಕಿ ಚೆಂಡನ್ನು ಕಸಿದುಕೊಳ್ಳುವ ಎದೆಗಾರಿಕೆ ಅವರ ಬಂಡವಾಳವಾಗಿದ್ದವು. ಆ ಎದೆಗಾರಿಕೆಗೆ ಬೆಲೆ ತೆರದೆ ಇರಲಾಗಲಿಲ್ಲ. 1930ರ ಫೆಬ್ರವರಿಯಲ್ಲಿ ಏರ್‌ಡ್ರಿ ತಂಡದ ವಿರುದ್ಧದ ಪಂದ್ಯದಲ್ಲಿ ಅವರ ದವಡೆಯೂ ಪಕ್ಕೆಲುಬುಗಳೂ ಮುರಿದು, ಎರಡು ಹಲ್ಲುಗಳು ಉದುರಿದವು. ಮಗ ಗೋಲಿನಲ್ಲಿ ನಿಲ್ಲುವುದು ತಾಯಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಏನೋ ಕೇಡು ಕಾದಿದೆಯೆಂದು ಆ ತಾಯಿಯ ಒಳಮನಸ್ಸು ಹೆದರುತ್ತಿತ್ತು. ಮಗ ಮಾತ್ರ ಚೇತರಿಸಿಕೊಂಡು ಅದೇ ವರ್ಷದ ಮೇ ತಿಂಗಳಲ್ಲಿ ಫ್ರಾನ್ಸ್ ವಿರುದ್ಧ ಸ್ಕಾಟ್ಲೆಂಡ್ ಪರವಾಗಿ ಆಡಿದರು. ಒಟ್ಟು ನಾಲ್ಕು ಬಾರಿ ದೇಶದ ಗೋಲನ್ನು ಕಾದರು. 1931ರಲ್ಲಿ ಇಂಗ್ಲೆಂಡ್ ವಿರುದ್ಧದ 2-0 ವಿಜಯವೂ ಅವುಗಳಲ್ಲೊಂದು. ಅದೇ ವರ್ಷ ಸ್ಕಾಟಿಷ್ ಕಪ್ ಎರಡನೆಯ ಬಾರಿ ಅವರದಾಯಿತು.

1931ರ ಸೆಪ್ಟೆಂಬರ್ 5, ಶನಿವಾರ. ರೇಂಜರ್ಸ್ ತಂಡದ ಐಬ್ರಾಕ್ಸ್ ಮೈದಾನದಲ್ಲಿ ಸುಮಾರು 80 ಸಾವಿರ ಪ್ರೇಕ್ಷಕರು. ವಿರಾಮದ ನಂತರ ಸ್ವಲ್ಪ ಹೊತ್ತಿನಲ್ಲಿಯೇ ರೇಂಜರ್ಸ್ ತಂಡದ ಯುವ ಮುನ್ನಡೆ ಆಟಗಾರ ಸ್ಯಾಮ್ ಇಂಗ್ಲಿಷ್‌ರು ಚೆಂಡಿನೊಡನೆ ಗೋಲಿನತ್ತ ನುಗ್ಗಿದರು. ಥಾಮ್ಸನ್‌ರು ಎಂದಿನಂತೆ ಕಾಲ ಬುಡಕ್ಕೆ ಧುಮುಕಿದರು. ಚೆಂಡು ಗೋಲಿನ ಹೊರಗೆ ಹೋಯಿತು. ಇಂಗ್ಲಿಷ್‌ರ ಮೊಣಕಾಲು ಥಾಮ್ಸನ್‌ರ ತಲೆಗೆ ಬಡಿದು ತಲೆಬುರುಡೆ ಒಡೆಯಿತು. ಗೋಲಿನ ಹಿಂದಿದ್ದ ಕೆಲವರು ಸಂಗತಿಯ ಗಂಭೀರತೆ ತಿಳಿಯದೆ ಗೇಲಿಯ ಕೂಗು ಹಾಕಿದರು. ಆಗ ರೇಂಜರ್ಸ್ ನಾಯಕ ಡೇವಿ ಮೈಕಲ್‌ಜಾನ್‌ರೇ ಮುಂದೆ ಬಂದು ಕೈಯೆತ್ತಿ ತಮ್ಮ ಜನರನ್ನು ಸುಮ್ಮನಾಗಿಸಿದರು. ಆ ಕ್ಷಣದಲ್ಲಿ ಎತ್ತಿದ ಆ ಕೈ ನಮ್ಮ ಮಟ್ಟಿಗೆ ಎಷ್ಟೋ ಗೋಲುಗಳಿಗಿಂತ ದೊಡ್ಡದು. ಪಂದ್ಯ ಗೋಲಿಲ್ಲದೆ ಮುಗಿಯಿತು. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆದರೂ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಥಾಮ್ಸನ್‌ರು ಕೊನೆಯುಸಿರೆಳೆದರು.

ಅದು ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು ಕವಿದಿದ್ದ ಕಾಲ. ಸೆಪ್ಟೆಂಬರ್ 9ರಂದು ನಡೆದ ಅಂತ್ಯಕ್ರಿಯೆಗೆ ರೈಲಿನ ಟಿಕೆಟಿಗೆ ಕಾಸಿಲ್ಲದ ನಿರುದ್ಯೋಗಿಗಳು ಗ್ಲ್ಯಾಸ್ಗೋದಿಂದ ಸುಮಾರು 55 ಮೈಲಿ ನಡೆದು, ಬಯಲಿನಲ್ಲಿ ರಾತ್ರಿ ಕಳೆದು ಬಂದರು. ಸುಮಾರು 30 ಸಾವಿರ ಜನ ಆ ಪುಟ್ಟ ಗಣಿಯೂರಿನಲ್ಲಿ ನೆರೆದರು. ಜೊತೆಯಾಟಗಾರರು ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಬೋಹಿಲ್ ಸಮಾಧಿ ಭೂಮಿಗೆ ಸಾಗಿಸಿದರು. ಕಥೋಲಿಕರೂ ಪ್ರೊಟೆಸ್ಟೆಂಟರೂ ಒಂದೇ ದಾರಿಯಲ್ಲಿ ಒಟ್ಟಿಗೆ ನಡೆದರು.

ಇನ್ನೊಬ್ಬರ ದುಃಖವನ್ನೂ ಹೇಳದೆ ಈ ವೃತ್ತಾಂತ ಪೂರ್ಣವಾಗದು. ಸ್ಯಾಮ್ ಇಂಗ್ಲಿಷ್‌ರು ಉತ್ತರ ಐರ್ಲೆಂಡಿನವರು. ರೇಂಜರ್ಸ್ ಸೇರಿ ಆಗಿನ್ನೂ ಕೆಲವೇ ವಾರಗಳಾಗಿದ್ದವು. ವಿಚಾರಣೆಯಲ್ಲಿ ಇದು ಅಪಘಾತವೆಂದು ತೀರ್ಮಾನವಾಯಿತು. ಆದರೆ ಅದೇ ವಿಚಾರಣೆಯಲ್ಲಿ ಸೆಲ್ಟಿಕ್ ವ್ಯವಸ್ಥಾಪಕ ವಿಲ್ಲಿ ಮೇಲಿಯವರು, ಅದು ಅಪಘಾತವೇ ಆಗಿರಲೆಂದು ತಾವು ಆಶಿಸುವುದಾಗಿ ಮಾತ್ರ ನುಡಿದು ಸಂಶಯದ ಬೀಜವನ್ನು ಉಳಿಸಿದರು. ಮೇಲಿಯವರ ಶೋಕ ನಮಗೆ ಅರ್ಥವಾಗುತ್ತದೆ. ಆ ಮಾತು ಸರಿಯೆಂದು ಮಾತ್ರ ಹೇಳಲಾರೆವು. ಆ ಋತುವಿನಲ್ಲಿ ಇಂಗ್ಲಿಷ್‌ರು ಲೀಗ್ ಪಂದ್ಯಗಳಲ್ಲಿ 44 ಗೋಲು ಹೊಡೆದು ರೇಂಜರ್ಸ್ ತಂಡದ ದಾಖಲೆ ಬರೆದರು. ಆದರೆ ಹೋದಲ್ಲೆಲ್ಲ ಕೊಲೆಗಾರನೆಂಬ ಕೂಗು ಬೆನ್ನಟ್ಟಿತು. ಸ್ಕಾಟ್ಲೆಂಡ್ ತೊರೆದು ಲಿವರ್‌ಪೂಲ್ ಸೇರಿದರೂ ಅದು ನಿಲ್ಲಲಿಲ್ಲ. ಆಟದ ಸಂತೋಷವನ್ನೇ ಕಳೆದುಕೊಂಡು 1938ರಲ್ಲಿ ನಿವೃತ್ತರಾದರು; 1967ರಲ್ಲಿ ತೀರಿಕೊಂಡರು.

ಥಾಮ್ಸನ್‌ರ ಹೆಸರು 2008ರಲ್ಲಿ ಸ್ಕಾಟಿಷ್ ಫುಟ್‌ಬಾಲಿನ ಗೌರವ ಪಟ್ಟಿಗೆ ಸೇರಿತು. ಇಂಗ್ಲಿಷ್‌ರಿಗೆ ಸಲ್ಲಬೇಕಾದ ಮನ್ನಣೆಯೂ ತಡವಾಗಿಯೇ ಬಂದಿತು: ಲೀಗ್ ಪಂದ್ಯಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದ ತನ್ನ ಆಟಗಾರನಿಗೆ ರೇಂಜರ್ಸ್ ತಂಡ 2009ರಲ್ಲಿ ಅವರ ಹೆಸರಿನ ಪಾರಿತೋಷಕವನ್ನು ನೀಡತೊಡಗಿತು.